ಓದುಗರ ಪ್ರಶ್ನೆಗಳು: ಕಿಂಗ್ ಕ್ರಿಮ್ಸನ್‌ನಲ್ಲಿ ಯಾರು, ಯಾವಾಗ?

ಪ್ರಶ್ನೆ: 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ತುಂಬ ಹಿಡಿಸಿತು. ಅದೇ ತಂಡದ್ದೆಂದು 'ಡಿಸಿಪ್ಲಿನ್' ಹಾಕಿದರೆ ಬೇರೆ ಯಾರೋ ನುಡಿಸುತ್ತಿರುವಂತಿದೆ. ಕೇಳುವ ಕ್ರಮ ಹೇಗೆ? (ಧಾರವಾಡ)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ಬೇರೆಯವರೇ ನುಡಿಸುತ್ತಿದ್ದಾರೆ. ಬ್ರಿಟಿಷ್ ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಮ್ 1969ರ ಅಕ್ಟೋಬರಿನದು, 'ಡಿಸಿಪ್ಲಿನ್' 1981ರದು. ಎರಡರಲ್ಲೂ ಇರುವವರು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಒಬ್ಬರೇ.

ಈ ತಂಡವನ್ನು ಫ್ರಿಪ್ ಅವರ ಗಿಟಾರಿನ ಬೆನ್ನು ಹಿಡಿದು ಕೇಳಿದರೆ ದಾರಿ ತಪ್ಪುತ್ತದೆ. ಡ್ರಮ್ಸ್‌ನ ಹಿಂದೆ ಕೂತವರು ಯಾರೆಂದು ನೋಡಿಕೊಳ್ಳಿ, ಆಗ ಧ್ವನಿ ಏಕೆ ಬದಲಾಯಿತೆಂಬುದು ತಾನಾಗಿ ತಿಳಿಯುತ್ತದೆ. ಮೈಕೆಲ್ ಜೈಲ್ಸ್ ಅವರದು ಜಾಜ್ ಬಲ್ಲ ಹಗುರವಾದ ಕೈ. ಅದು ಮೊದಲ ಎರಡು ಆಲ್ಬಮ್‌ಗಳು. 'ಲಿಜರ್ಡ್'ಗೆ ಆ್ಯಂಡಿ ಮೆಕಲಕ್, 'ಐಲೆಂಡ್ಸ್'ಗೆ ಇಯನ್ ವಾಲೆಸ್. 1972ರಲ್ಲಿ 'ಯೆಸ್' ತಂಡದ 'ಕ್ಲೋಸ್ ಟು ದ ಎಡ್ಜ್' ಧ್ವನಿಮುದ್ರಣ ಮುಗಿಸಿ ಬಿಲ್ ಬ್ರೂಫರ್ಡ್ ಇಲ್ಲಿಗೆ ಬಂದರು. 1995ರ 'ಥ್ರ್ಯಾಕ್'ನಲ್ಲಿ ಬ್ರೂಫರ್ಡ್ ಜತೆಗೆ ಪ್ಯಾಟ್ ಮಾಸ್ಟೆಲೊಟೊ ಕೂಡ ಇದ್ದಾರೆ: ಎರಡು ಗಿಟಾರ್, ಎರಡು ಮಂದ್ರ ವಾದ್ಯ, ಎರಡು ಡ್ರಮ್ಸ್, ಹೀಗೆ ಆರು ಜನ. 2014ರಲ್ಲಿ ಹೊರಟ ತಂಡದಲ್ಲಂತೂ ಮೂವರು ಡ್ರಮ್ಮರ್‌ಗಳು ವೇದಿಕೆಯ ಮುಂದಿನ ಸಾಲಿನಲ್ಲಿ ಕೂತರು. ಉಳಿದವರೆಲ್ಲ ಅವರ ಹಿಂದೆ.

'ಡಿಸಿಪ್ಲಿನ್' ಅಷ್ಟು ಅಪರಿಚಿತವಾಗಿ ಕೇಳಲು ಇನ್ನೂ ಎರಡು ಕಾರಣಗಳಿವೆ. ಸಿಂಬಲ್‌ಗಳನ್ನು (ಡ್ರಮ್ಸ್‌ನ ಲೋಹದ ತಟ್ಟೆಗಳನ್ನು) ಆದಷ್ಟು ಬಿಡಿ ಎಂದು ಫ್ರಿಪ್ ಅವರು ಬ್ರೂಫರ್ಡ್ ಅವರನ್ನು ಕೇಳಿಕೊಂಡಿದ್ದರು. ರಾಕ್‌ನಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಮುಚ್ಚಿಬಿಡುವ ಆ 'ಝಲ್' ಸದ್ದು ಹೋದ ಮೇಲೆ ಎರಡು ಗಿಟಾರ್‌ಗಳ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಎರಡನೆಯದು, ಬೇಸ್ ವಾದಕ ಟೋನಿ ಲೆವಿನ್ ಅವರ ಚಾಪ್‌ಮನ್ ಸ್ಟಿಕ್. ತಂತಿಗಳನ್ನು ಮೀಟದೆ ಎರಡೂ ಕೈಬೆರಳುಗಳಿಂದ ತಟ್ಟಿ ನುಡಿಸುವ ವಾದ್ಯವದು.

ನಾನು ಹೇಳುವ ಕ್ರಮ: 1969ರ ಆಲ್ಬಮ್ ಆದ ಮೇಲೆ ನೇರ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್' (1973), ಆಮೇಲೆ 'ರೆಡ್' (1974), ಆಮೇಲೆ 'ಡಿಸಿಪ್ಲಿನ್'. ನಡುವಿನವು ನಂತರ.

ಪ್ರಶ್ನೆ: ಆ 'ನಡುವಿನ' ಆಲ್ಬಮ್‌ಗಳಲ್ಲಿ ಒಂದೊಂದರಲ್ಲೂ ಬೇರೆ ಗಾಯಕರಿದ್ದಾರೆ. ಏಕೆ? (ಶಿವಮೊಗ್ಗ)

ಉತ್ತರ: 1969ರ ಡಿಸೆಂಬರಿನಲ್ಲಿ ಇಯನ್ ಮೆಕ್‌ಡೊನಾಲ್ಡ್ ಮತ್ತು ಜೈಲ್ಸ್ ತಂಡ ಬಿಟ್ಟರು. ಮೆಕ್‌ಡೊನಾಲ್ಡ್ ಹೋದದ್ದು ದೊಡ್ಡ ಪೆಟ್ಟು. ಕೊಳಲು, ಸ್ಯಾಕ್ಸೊಫೋನ್, ಮೆಲೊಟ್ರಾನ್ (ಟೇಪಿನಿಂದ ನುಡಿಯುವ ಕೀಲಿ ವಾದ್ಯ) ಮೂರೂ ಅವರವೇ. ಮೊದಲ ಆಲ್ಬಮ್‌ನ ಶೀರ್ಷಿಕೆ ಗೀತೆಯ ಸಂಗೀತವೂ ಅವರದೇ. ಗಾಯಕ ಗ್ರೆಗ್ ಲೇಕ್ ಅವರು 'ಎಮರ್ಸನ್, ಲೇಕ್ ಆ್ಯಂಡ್ ಪಾಮರ್' ಕಟ್ಟಲು ಹೊರಟಿದ್ದರೂ 'ಇನ್ ದ ವೇಕ್ ಆಫ್ ಪೊಸೈಡನ್' (1970) ಆಲ್ಬಮ್‌ನ ಹೆಚ್ಚಿನ ಭಾಗ ಹಾಡಿಕೊಟ್ಟರು. ಜೈಲ್ಸ್ ಕೂಡ ಆ ಧ್ವನಿಮುದ್ರಣಕ್ಕಷ್ಟೇ ಮರಳಿ ಬಂದರು. ಅದರಲ್ಲಿ 'ಕೇಡೆನ್ಸ್ ಆ್ಯಂಡ್ ಕ್ಯಾಸ್ಕೇಡ್' ಮಾತ್ರ ಗಾರ್ಡನ್ ಹ್ಯಾಸ್ಕೆಲ್ ಅವರ ಕಂಠ. ಅದೇ ವರ್ಷದ ಕೊನೆಯ 'ಲಿಜರ್ಡ್'ಗೆ ಹ್ಯಾಸ್ಕೆಲ್ ಅವರೇ ಗಾಯಕರಾದರು. ಆದರೆ ಅದರ ಎರಡನೇ ಬದಿ ಶುರುವಾಗುವುದು 'ಯೆಸ್' ತಂಡದ ಜಾನ್ ಆ್ಯಂಡರ್ಸನ್ ಅವರ ದನಿಯಿಂದ. ಮೊದಲ ಸಲ ಕೇಳುವವರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. 'ಐಲೆಂಡ್ಸ್' (1971) ಹಾಡಿದವರು ಬೋಜ್ ಬರೆಲ್. ಬೇಸ್ ನುಡಿಸುವವರು ಸಿಗದೆ ಫ್ರಿಪ್ ಅವರು ಬೋಜ್ ಅವರಿಗೇ ಬೇಸ್ ಕಲಿಸಿದರು. ಆ ಕಲಿಕೆ ಸುಳ್ಳಾಗಲಿಲ್ಲ, ಮುಂದೆ 'ಬ್ಯಾಡ್ ಕಂಪನಿ'ಯಲ್ಲಿ ಬೋಜ್ ಅವರು ಬೇಸ್ ವಾದಕರಾಗಿಯೇ ಹೆಸರಾದರು.

ಪ್ರಶ್ನೆ: 'ಸ್ಟಾರ್‌ಲೆಸ್' ಹಾಡನ್ನು 'ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್' ಆಲ್ಬಮ್‌ನಲ್ಲಿ ಹುಡುಕಿದೆ. ಇಲ್ಲ! (ಬೆಂಗಳೂರು)

ಉತ್ತರ: ಅದಿರುವುದು ಮುಂದಿನ 'ರೆಡ್' ಆಲ್ಬಮ್‌ನ ಕೊನೆಯಲ್ಲಿ. ಆಗಿನ ಗಾಯಕ, ಬೇಸ್ ವಾದಕ ಜಾನ್ ವೆಟನ್ ಅವರು ಈ ರಾಗವನ್ನು ಮೊದಲು ತಂದಾಗ ಉಳಿದವರು ಒಪ್ಪಲಿಲ್ಲ. ಕವಿ ಡಿಲನ್ ಥಾಮಸ್ ಅವರಿಂದ ಎರವಲು ಪಡೆದ 'ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್' ಎಂಬ ಪದಪುಂಜ 1974ರ ಮೊದಲ ಆಲ್ಬಮ್‌ಗೂ ಅದರಲ್ಲಿನ ಒಂದು ಆಶುವಾದನಕ್ಕೂ ಹೆಸರಾಯಿತು. ಆಮೇಲೆ ವೆಟನ್ ಅವರ ಹಾಡು ಬೆಳೆದು ನಿಂತಾಗ ಅದಕ್ಕೆ ಚಿಕ್ಕದಾಗಿ 'ಸ್ಟಾರ್‌ಲೆಸ್' ಎಂದಷ್ಟೇ ಉಳಿಯಿತು.

1974ರ ಆ ಮೊದಲ ಆಲ್ಬಮ್‌ನ ಬಹುಪಾಲು ಕಛೇರಿಗಳಲ್ಲಿ ಮುದ್ರಿಸಿದ್ದು, ಮುಖ್ಯವಾಗಿ 1973ರ ನವೆಂಬರಿನ ಆ್ಯಮ್‌ಸ್ಟರ್‌ಡ್ಯಾಮ್ ಕಛೇರಿಯದು. ಚಪ್ಪಾಳೆ ತೆಗೆದುಹಾಕಿರುವುದರಿಂದ ಸ್ಟುಡಿಯೋದ್ದೆಂದು ಮೋಸ ಹೋಗುವುದು ಸುಲಭ. ಪೂರ್ತಿ ಸ್ಟುಡಿಯೋದಲ್ಲಿ ಆದವು 'ದ ಗ್ರೇಟ್ ಡಿಸೀವರ್' ಮತ್ತು 'ಲಮೆಂಟ್' ಎರಡೇ.

'ಸ್ಟಾರ್‌ಲೆಸ್' ಹನ್ನೆರಡು ನಿಮಿಷ ಮೀರಿದ ಹಾಡು. ಅದರ ನಡುಭಾಗವನ್ನು ಗಮನವಿಟ್ಟು ಕೇಳಿ. ವೆಟನ್ ಅವರ ಬೇಸ್ 13ರ ಎಣಿಕೆಯಲ್ಲಿ ಸುತ್ತುತ್ತದೆ (ಆ ಬೇಸ್ ಸಾಲು ಬ್ರೂಫರ್ಡ್ ಅವರು ಕಟ್ಟಿದ್ದು). ಮೇಲೆ ಫ್ರಿಪ್ ಅವರು ಎರಡು ತಂತಿಗಳ ಮೇಲೆ ಒಂದೇ ಸ್ವರವನ್ನು ಹಿಡಿದು, ನಿಮಿಷಗಟ್ಟಲೆ ಮೆಲ್ಲಮೆಲ್ಲನೆ ಮೇಲೇರುತ್ತಾರೆ. ಬಿಗಿತ ತಡೆಯಲಾಗದ ಹಂತಕ್ಕೆ ಬಂದಾಗ ವೇಗ ಒಮ್ಮೆಲೇ ಏರಿ ಸ್ಯಾಕ್ಸೊಫೋನ್ ನುಗ್ಗುತ್ತದೆ. ಕೊನೆಗೆ ಆರಂಭದ ರಾಗ ಮರಳುತ್ತದೆ. ರಾಕ್ ಸಂಗೀತದಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ಏರಿಕೆಯನ್ನು ನಾನು ಕೇಳಿಲ್ಲ. ಆ ಸ್ಯಾಕ್ಸೊಫೋನ್‌ಗಳಲ್ಲಿ ಒಂದು ಮೆಲ್ ಕಾಲಿನ್ಸ್ ಅವರದು, ಇನ್ನೊಂದು ಐದು ವರ್ಷದ ಹಿಂದೆ ಬಿಟ್ಟುಹೋಗಿದ್ದ ಮೆಕ್‌ಡೊನಾಲ್ಡ್ ಅವರದು. ಆಲ್ಬಮ್ ಅಂಗಡಿಗೆ ಬರುವ ಮೊದಲೇ, 1974ರ ಸೆಪ್ಟೆಂಬರಿನಲ್ಲಿ, ಫ್ರಿಪ್ ತಂಡವನ್ನು ಮುಚ್ಚಿಬಿಟ್ಟಿದ್ದರು.

ಪ್ರಶ್ನೆ: ಮೃದಂಗ ಕಲಿಯುತ್ತಿದ್ದೇನೆ. 'ಫ್ರೇಮ್ ಬೈ ಫ್ರೇಮ್' ಹಾಡಿಗೆ ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. (ಮೈಸೂರು)

ಉತ್ತರ: ಮಿಶ್ರ ಚಾಪಿನ ಅಭ್ಯಾಸವಿದ್ದರೆ ಅರ್ಧ ಕೆಲಸ ಆಗಿದೆ, ಹಾಡಿನ ಮೂಲ ಎಣಿಕೆ 7. ಎರಡು ಏಳು ಸೇರಿ 14. ಗಿಟಾರ್‌ಗಳ ಹೆಣಿಗೆ ಬರುವಲ್ಲಿ ಒಬ್ಬರು ಈ 14 ಸ್ವರದ ಗುಚ್ಛವನ್ನು ಪೂರ್ತಿ ನುಡಿಸುತ್ತಾರೆ. ಇನ್ನೊಬ್ಬರು ಒಂದು ಸ್ವರ ಬಿಟ್ಟು 13ಕ್ಕೇ ಮತ್ತೆ ಶುರು ಮಾಡುತ್ತಾರೆ. ಪ್ರತಿ ಸುತ್ತಿಗೂ ಇಬ್ಬರ ನಡುವೆ ಒಂದೊಂದು ಸ್ವರದ ಅಂತರ ಬೀಳುತ್ತ ಹೋಗುತ್ತದೆ. ನಿಮ್ಮ ಕೈ ತಪ್ಪುವುದು ಇಲ್ಲೇ: ಕಿವಿ 13ರವರ ಹಿಂದೆ ಓಡುತ್ತದೆ. ಹೆಡ್‌ಫೋನ್ ಹಾಕಿ, ಡ್ರಮ್ಸ್ ಮತ್ತು ಬೇಸ್ ಮೇಲೆ ಮನಸ್ಸಿಟ್ಟು ಏಳನ್ನು ಬಿಡದೆ ಹಿಡಿಯಿರಿ. ಜಾರುವ ಗಿಟಾರ್ ಹಿಂಬಾಲಿಸುವುದು ಎರಡನೇ ವಾರದ ಕೆಲಸ.

ಅದೇ 'ಡಿಸಿಪ್ಲಿನ್' ಆಲ್ಬಮ್‌ನ ಕೊನೆಯ ಶೀರ್ಷಿಕೆ ಕೃತಿಯಲ್ಲಿ ಡ್ರಮ್ಸ್ 17ರ ಮೇಲಿದೆ. 4, 4, 4, 5 ಎಂದು ಎಣಿಸಿಕೊಳ್ಳಿ.

ಪ್ರಶ್ನೆ: ಮೆಲೊಟ್ರಾನ್ ಕೀಬೋರ್ಡೇ ತಾನೆ? ಅದರ ಶ್ರುತಿ ಏಕೆ ಅಲುಗಾಡುತ್ತದೆ? (ಮಂಗಳೂರು)

ಉತ್ತರ: ಕೀಲಿಗಳಿವೆ, ಆದರೆ ಒಳಗಿರುವುದು ಟೇಪು. ಪ್ರತಿ ಕೀಲಿಯ ಕೆಳಗೂ ಪಿಟೀಲು ಮೇಳವನ್ನೋ ಕೊಳಲನ್ನೋ ಮುದ್ರಿಸಿದ ಟೇಪಿನ ಪಟ್ಟಿ ಇರುತ್ತದೆ. ಕೀಲಿ ಒತ್ತಿದರೆ ಟೇಪು ಓಡುತ್ತದೆ; ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ; ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಉದ್ದ ಸ್ವರ ಬೇಕಾದರೆ ಬೆರಳು ಬದಲಿಸುತ್ತಲೇ ಇರಬೇಕು. ಒಟ್ಟಿಗೆ ಹಲವು ಕೀಲಿ ಒತ್ತಿದರೆ ಮೋಟರಿಗೆ ಭಾರವಾಗಿ ಶ್ರುತಿ ಇಳಿಯುತ್ತದೆ. ವಿದ್ಯುತ್ತಿನ ಒತ್ತಡ ಏರಿಳಿದರೂ ಹಾಗೆಯೇ.

ಪ್ರಶ್ನೆ: ಮೊದಲ ಆಲ್ಬಮ್‌ನ ಯಾವ ಸಿ.ಡಿ. ಕೊಳ್ಳಲಿ? (ಹುಬ್ಬಳ್ಳಿ)

ಉತ್ತರ: 2009ರ ನಲವತ್ತನೇ ವರ್ಷದ ಆವೃತ್ತಿಯಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಅವರ ಹೊಸ ಮಿಶ್ರಣ (ಮಿಕ್ಸ್) ಇದೆ. ವಾದ್ಯಗಳು ಸ್ಪಷ್ಟವಾಗಿ ಬಿಡಿಸಿಕೊಂಡಿವೆ. ಒಂದು ಎಚ್ಚರ: ಅದರಲ್ಲಿ 'ಮೂನ್‌ಚೈಲ್ಡ್' ಹಾಡಿನ ಆಶುವಾದನವನ್ನು ಕತ್ತರಿಸಲಾಗಿದೆ. 12 ನಿಮಿಷವಿದ್ದದ್ದು ಸುಮಾರು 9ಕ್ಕೆ ಇಳಿದಿದೆ. ಕೊಳ್ಳುವ ಮೊದಲು ಆ ಹಾಡಿನ ಅವಧಿ ನೋಡಿ. 1969ರಲ್ಲಿ ಜನ ಕೇಳಿದ್ದೇ ಬೇಕೆಂದರೆ ಹನ್ನೆರಡು ನಿಮಿಷದ್ದನ್ನು ಆರಿಸಿ. 'ಲಿಜರ್ಡ್' ಮಾತ್ರ ವಿಲ್ಸನ್ ಅವರ ಮಿಶ್ರಣದಲ್ಲೇ ಕೇಳಿ. ಅಷ್ಟೊಂದು ಗಾಳಿವಾದ್ಯಗಳ ಗುಂಪಿನಲ್ಲಿ ಯಾರು ಏನು ನುಡಿಸುತ್ತಿದ್ದಾರೆಂದು ಅದರಲ್ಲೇ ತಿಳಿಯುವುದು.