ಓದುಗರ ಪ್ರಶ್ನೆ: ಕೆನಡಿ ಮನೆಯ ಹೆಣ್ಣುಮಕ್ಕಳು

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಗೆ ರೋಸ್‌ಮೇರಿ ಅಂತ ತಂಗಿ ಇದ್ದರಂತೆ. ಮನೆಯವರೇ ಅವರನ್ನು ಬಚ್ಚಿಟ್ಟಿದ್ದರು ಅಂತಾರೆ, ನಿಜವೇ?
– ಓದುಗರೊಬ್ಬರು, ಹಾಸನ

ನಿಜ. ಒಂಬತ್ತು ಮಕ್ಕಳಲ್ಲಿ ರೋಸ್‌ಮೇರಿ ಮೂರನೆಯವರು, ಹೆಣ್ಣುಮಕ್ಕಳಲ್ಲಿ ಹಿರಿಯರು. ಹುಟ್ಟಿದ್ದು 1918ರಲ್ಲಿ, ಬಾಸ್ಟನ್ ಪಕ್ಕದ ಬ್ರೂಕ್‌ಲೈನಿನ ಮನೆಯಲ್ಲೇ. ಡಾಕ್ಟರು ಬರುವುದು ತಡವಾಯಿತು. ಅವರು ಬರುವವರೆಗೆ ನರ್ಸ್ ಹೆರಿಗೆಯನ್ನೇ ತಡೆದು ಹಿಡಿದರು, ಅದರಿಂದ ಮಗುವಿನ ಮಿದುಳಿಗೆ ಪೆಟ್ಟಾಯಿತು ಅಂತ ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ಓದು ಬರಹ ನಿಧಾನ. ಆದರೆ ಡ್ಯಾನ್ಸ್ ಇಷ್ಟ, ಒಳ್ಳೆಯ ಬಟ್ಟೆ ಇಷ್ಟ, ಅಪ್ಪನಿಗೆ ಪ್ರೀತಿಯಿಂದ ಕಾಗದ ಬರೆಯುತ್ತಿದ್ದರು. 1938ರಲ್ಲಿ ಅಪ್ಪ ಜೋಸೆಫ್ ಕೆನಡಿ ಲಂಡನ್ನಿಗೆ ರಾಯಭಾರಿಯಾಗಿ ಹೋದಾಗ ಇವರೂ ಹೋದರು, ಅರಮನೆಯಲ್ಲಿ ರಾಜ ರಾಣಿಗೆ ತಲೆಬಾಗಿ ವಂದಿಸಿದರು. ಅಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಮಾಂಟೆಸೊರಿ ಶಾಲೆ ಅವರಿಗೆ ಚೆನ್ನಾಗಿ ಒಗ್ಗಿತ್ತು.

ಯುದ್ಧ ಬಂತು, ಅಮೆರಿಕಕ್ಕೆ ವಾಪಸ್ ಬರಬೇಕಾಯಿತು. ಅಲ್ಲಿಂದ ಸಿಟ್ಟು ಜಾಸ್ತಿಯಾಯಿತು, ವಾಷಿಂಗ್ಟನ್ನಿನ ಕಾನ್ವೆಂಟಿನಿಂದ ರಾತ್ರಿ ಹೊತ್ತು ಆಚೆ ಹೋಗಿಬಿಡುತ್ತಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ಗಂಡುಮಕ್ಕಳ ರಾಜಕೀಯಕ್ಕೆ ಕುತ್ತು ಎನ್ನುವ ಭಯ ಅಪ್ಪನಿಗೆ. 1941ರ ನವೆಂಬರಿನಲ್ಲಿ, 23ರ ಹುಡುಗಿಗೆ ಲೋಬಾಟಮಿ ಮಾಡಿಸಿದರು. ಅಂದರೆ ತಲೆಬುರುಡೆಗೆ ತೂತು ಕೊರೆದು ಮಿದುಳಿನ ಮುಂಭಾಗದ ನರಗಳನ್ನು ಕತ್ತರಿಸುವುದು. ರೋಸ್‌ಮೇರಿಗೆ ಎಚ್ಚರವಿತ್ತು. ವಾಟ್ಸ್ ಎಂಬ ಡಾಕ್ಟರು ಕತ್ತರಿಸುತ್ತಾ ಹೋದರು, ಫ್ರೀಮನ್ ಎಂಬುವರು ಪಕ್ಕದಲ್ಲಿ ನಿಂತು ಹಾಡು ಹೇಳು, ಪ್ರಾರ್ಥನೆ ಹೇಳು, ಅಂಕಿ ಎಣಿಸು ಅಂತ ಕೇಳುತ್ತಾ ಇದ್ದರು. ಮಾತು ತೊದಲಿದಾಗ ನಿಲ್ಲಿಸಿದರು.

ಆಮೇಲೆ ನಡೆಯಲೂ ಆಗಲಿಲ್ಲ, ಮಾತೂ ಹೋಯಿತು. 1949ರಿಂದ ವಿಸ್ಕಾನ್ಸಿನ್‌ನ ಸೇಂಟ್ ಕೊಲೆಟಾ ಆಶ್ರಮದಲ್ಲಿ ಇಟ್ಟರು. ಅವರು ಎಲ್ಲಿದ್ದಾರೆ, ಏನಾಗಿದೆ ಅನ್ನುವುದನ್ನು ಹೊರಗಿನವರಿಗೆ ವರ್ಷಗಟ್ಟಲೆ ಹೇಳಲಿಲ್ಲ. ಆ ಕಾಲದ ಡಾಕ್ಟರುಗಳೇ ಇದನ್ನು ಚಿಕಿತ್ಸೆ ಅಂತ ನಂಬಿದ್ದರು, ಒಪ್ಪುತ್ತೇನೆ. ಆದರೂ ಮಗಳ ಬದುಕಿಗಿಂತ ಮನೆತನದ ಹೆಸರು ದೊಡ್ಡದಾಯಿತಲ್ಲ, ಅದನ್ನು ನನ್ನಿಂದ ಕ್ಷಮಿಸಲು ಆಗುವುದಿಲ್ಲ.

ಪ್ರಶ್ನೆ: ಸ್ಪೆಷಲ್ ಒಲಿಂಪಿಕ್ಸ್ ಶುರುವಾಗಿದ್ದು ಇವರಿಂದಲೇ ಅಲ್ವಾ?
– ವಿದ್ಯಾರ್ಥಿನಿ, ಮೈಸೂರು

ಬುದ್ಧಿಮಾಂದ್ಯರಿಗಾಗಿ ನಡೆಯುವ ಈ ಕ್ರೀಡಾಕೂಟ ಶುರು ಮಾಡಿದ್ದು ರೋಸ್‌ಮೇರಿಯ ತಂಗಿ ಯೂನಿಸ್. ಚಿಕ್ಕಂದಿನಲ್ಲಿ ಅಕ್ಕನ ಜೊತೆ ಈಜಿದವರು, ದೋಣಿ ನಡೆಸಿದವರು. ಇಂಥ ಮಕ್ಕಳಿಗೆ ಆಟ ಬರಲ್ಲ ಅಂತ ಸುಮ್ನೆ ಹೇಳುತ್ತಾರೆ ಅನ್ನೋದು ಅವರಿಗೆ ಮನೆಯಲ್ಲೇ ಗೊತ್ತಿತ್ತು. 1962ರಲ್ಲಿ ಮೇರಿಲ್ಯಾಂಡಿನ ತಮ್ಮ ಮನೆಯ ಬಯಲಿನಲ್ಲೇ ಬೇಸಿಗೆ ಶಿಬಿರ ಮಾಡಿದರು. ಅದೇ ವರ್ಷ ಒಂದು ದೊಡ್ಡ ಪತ್ರಿಕೆಯಲ್ಲಿ ಅಕ್ಕನ ಬುದ್ಧಿಮಾಂದ್ಯದ ಬಗ್ಗೆ ಹೆಸರು ಹಿಡಿದು ಬರೆದರು, ಅಣ್ಣ ಅಧ್ಯಕ್ಷನಾಗಿದ್ದಾಗಲೇ. ಆಪರೇಷನ್ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ. ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆದಿದ್ದು 1968ರ ಜುಲೈ 20ರಂದು, ಷಿಕಾಗೊದ ಸೋಲ್ಜರ್ ಫೀಲ್ಡಿನಲ್ಲಿ, ಸುಮಾರು 1,000 ಮಂದಿ ಬಂದಿದ್ದರು. ಅಣ್ಣತಮ್ಮಂದಿರಲ್ಲಿ ಒಬ್ಬರಾದ ರಾಬರ್ಟ್ ಗುಂಡೇಟಿಗೆ ಬಲಿಯಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಆದರೂ ಯೂನಿಸ್ ಬಂದು ನಿಂತರು. ಇವತ್ತು ನಮ್ಮಲ್ಲೂ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಇದೆ.

ಅಪ್ಪನಿಗೆ 1961ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಅಮ್ಮನೂ ಮಗಳನ್ನು ನೋಡಲು ಹೋಗತೊಡಗಿದರು. ಮುಂದೆ ಯೂನಿಸ್ ಅಕ್ಕನನ್ನು ಮನೆಗೆ ಕರೆತರುತ್ತಿದ್ದರು, ಜೊತೆಗೆ ಈಜುತ್ತಿದ್ದರು. ರೋಸ್‌ಮೇರಿ 2005ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ಉಳಿದ ಅಕ್ಕತಂಗಿಯರು?
– ಓದುಗರು, ಧಾರವಾಡ

ಕ್ಯಾಥ್ಲೀನ್ 1948ರಲ್ಲಿ ಫ್ರಾನ್ಸಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಆಗ 28 ವರ್ಷ. ಪೆಟ್ರೀಷಿಯಾ ನಟ ಪೀಟರ್ ಲಾಫೋರ್ಡರನ್ನು ಮದುವೆಯಾಗಿ, ಆಮೇಲೆ ಬೇರೆಯಾದರು. ಕೊನೆಯ ತಂಗಿ ಜೀನ್ ಅಂಗವಿಕಲರ ಕಲೆಗಾಗಿ 1974ರಲ್ಲಿ ಒಂದು ಸಂಸ್ಥೆ ಕಟ್ಟಿದರು, 1993ರಿಂದ 1998ರವರೆಗೆ ಐರ್ಲೆಂಡಿನಲ್ಲಿ ರಾಯಭಾರಿಯಾಗಿದ್ದರು.