ಆ ಊರು ಕಟ್ಟಿದ್ದು ಸಟ್ಟರ್ ಒಬ್ಬನೇ ಅಲ್ಲ, ಮೇಷ್ಟ್ರೇ

ಪತ್ರ: ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿರುವ ಮಗಳ ಮನೆಗೆ ಹೋದಾಗ ಹತ್ತಿರದಲ್ಲೇ ಇರುವ, ಆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ ನೋಡಿ ಬಂದರಂತೆ. ಅವರ ಮಾತು ಇಷ್ಟು: “ಜಾನ್ ಸಟ್ಟರ್ ಎಂಬ ಒಬ್ಬನೇ ಮನುಷ್ಯ, ಬರೀ ಕಾಡಿದ್ದ ಕಡೆ ಕೋಟೆ ಕಟ್ಟಿ ಒಂದು ರಾಜಧಾನಿಯನ್ನೇ ಹುಟ್ಟಿಸಿದ. ಆಮೇಲೆ ಚಿನ್ನ ಸಿಕ್ಕಿತು, ಊರು ಬೆಳೆಯಿತು. ಅಂಥವನ ಪ್ರತಿಮೆಯನ್ನು 2020ರಲ್ಲಿ ತೆಗೆದುಹಾಕಿದ್ದು ಉಂಡ ಮನೆಗೆ ಎರಡು ಬಗೆದ ಹಾಗಲ್ಲವೇ? ನಿಮ್ಮ ಪತ್ರಿಕೆ ಇಂಥ ಸಾಹಸಿಗಳ ಬಗ್ಗೆ ಬರೆಯಬೇಕು.”

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದವರು ಮಾಲ್ ಸುತ್ತಿ ಬರುವುದೇ ಜಾಸ್ತಿ. ನೀವು ಕೋಟೆ ನೋಡಿದಿರಿ, ಅಲ್ಲಿನ ಬೋರ್ಡುಗಳನ್ನು ಓದಿದಿರಿ, ಬಂದ ಮೇಲೂ ಆ ಊರಿನ ಬಗ್ಗೆ ಯೋಚಿಸಿದಿರಿ. ಆದರೆ ಇಷ್ಟು ವರ್ಷ ಪಾಠ ಮಾಡಿದವರು ನೀವು, “ಬರೀ ಕಾಡಿತ್ತು” ಅಂತ ಸಲೀಸಾಗಿ ಬರೆದುಬಿಟ್ಟಿರಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಸಟ್ಟರ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಸ್ವಿಟ್ಜರ್ಲೆಂಡಿನಲ್ಲಿ ಸಾಲ, ಹೆಂಡತಿ, ಮಕ್ಕಳು ಎಲ್ಲವನ್ನೂ ಬಿಟ್ಟು ಹೊರಟವನು ಹವಾಯಿ ಸುತ್ತಿ 1839ರ ಆಗಸ್ಟಿನಲ್ಲಿ ಅಲ್ಲಿಗೆ ಬಂದ. ಆಗ ಅದು ಮೆಕ್ಸಿಕೊದ ನೆಲ. 1841ರಲ್ಲಿ ಅಲ್ಲಿನ ಗವರ್ನರ್ ಕೈಯಿಂದ ಸುಮಾರು 48,000 ಎಕರೆ ಬರೆಸಿಕೊಂಡ. ಧೈರ್ಯದವನು, ಮಾತುಗಾರ. ಬೆಟ್ಟ ದಾಟಿ ಬಂದ ವಲಸೆಗಾರರಿಗೆ ಊಟ ಕೊಟ್ಟ, ನೆರಳು ಕೊಟ್ಟ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ಅದು ಕಾಡಲ್ಲ. ಸ್ಯಾಕ್ರಮೆಂಟೊ ನದಿ ಮತ್ತು ಅಮೆರಿಕನ್ ನದಿ ಕೂಡುವ ಆ ಜಾಗದಲ್ಲಿ ನಿಸೆನಾನ್ ಜನರ ಹಳ್ಳಿಗಳಿದ್ದವು. ಓಕ್ ಮರದ ಕಾಯಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು, ಹೊಳೆಯಲ್ಲಿ ಸಾಲ್ಮನ್ ಹಿಡಿಯುತ್ತಿದ್ದರು, ಮಣ್ಣಿನ ದಿಬ್ಬಗಳ ಮೇಲೆ ಮನೆ ಮಾಡಿಕೊಂಡಿದ್ದರು. ಹೊಳೆ ಉಕ್ಕುತ್ತದೆ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ದಿಬ್ಬ. 1833ರಲ್ಲಿ ಹೊರಗಿನವರು ತಂದ ಮಲೇರಿಯಾ ಆ ಕಣಿವೆಯ ಹಳ್ಳಿಗೆ ಹಳ್ಳಿಯನ್ನೇ ಬರಿದು ಮಾಡಿತ್ತು. ಸಟ್ಟರ್ ಬಂದಿದ್ದು ಅದಾದ ಆರು ವರ್ಷಕ್ಕೆ. ಅವನ ಕಣ್ಣಿಗೆ ಖಾಲಿ ಕಂಡಿದ್ದರೆ ಅದು ಸಾವು ಖಾಲಿ ಮಾಡಿದ ಜಾಗ.

ಕೋಟೆಯ ಹಸಿ ಇಟ್ಟಿಗೆ ಹೊತ್ತವರು ಯಾರು? ಉಳಿದುಕೊಂಡ ಆ ಜನರೇ. ಗೋಧಿ ಕೊಯ್ದವರೂ ಅವರೇ. ಅವನ ಜೊತೆ ಹವಾಯಿಯಿಂದ ಬಂದ ಗಂಡಸರು ಹೆಂಗಸರು ಮೊದಲ ಗುಡಿಸಲುಗಳನ್ನು ಹುಲ್ಲಿನಲ್ಲಿ ಕಟ್ಟಿಕೊಟ್ಟರು. ಕೂಲಿ ಅಂತ ಕೊಡುತ್ತಿದ್ದದ್ದು ತೂತು ಹೊಡೆದ ತಗಡಿನ ಬಿಲ್ಲೆ, ಅದು ನಡೆಯುತ್ತಿದ್ದದ್ದು ಅವನ ಅಂಗಡಿಯಲ್ಲಿ ಮಾತ್ರ. ಊಟದ ಹೊತ್ತಿಗೆ ಉದ್ದನೆಯ ಮರದ ಮರಿಗೆಗೆ ಗಂಜಿ ಸುರಿಯುತ್ತಿದ್ದರು. ಸುತ್ತ ಕೂತು ಕೈಯಲ್ಲಿ ಬಾಚಿ ತಿನ್ನಬೇಕು. ಸಟ್ಟರ್ ಹತ್ತಿರವೇ ಕೆಲಸಕ್ಕಿದ್ದ ಹೈನ್‌ರಿಷ್ ಲೀನ್‌ಹಾರ್ಡ್ ಎಂಬ ಸ್ವಿಸ್ ಮನುಷ್ಯ, ರಾತ್ರಿ ಅವರನ್ನು ಕೋಣೆಗಳಲ್ಲಿ ಕೂಡಿ ಬೀಗ ಹಾಕುತ್ತಿದ್ದದ್ದನ್ನೂ ಬರೆದಿಟ್ಟಿದ್ದಾನೆ. ಇದನ್ನು ಓದಿದ ಮೇಲೂ “ಒಬ್ಬನೇ ಮನುಷ್ಯ” ಅನ್ನುವ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. 1846ರ ಚಳಿಗಾಲದಲ್ಲಿ ಡಾನರ್ ತಂಡ ಅನ್ನುವ ವಲಸೆಗಾರರು ಸಿಯೆರಾ ನೆವಾಡಾದ ಹಿಮದಲ್ಲಿ ಸಿಕ್ಕಿಕೊಂಡರು. ಸಟ್ಟರ್ ಹೇಸರಗತ್ತೆಗಳ ಮೇಲೆ ದವಸ ಕಳಿಸಿದ ಅಂತ ಎಲ್ಲರೂ ಹೊಗಳುತ್ತಾರೆ. ಹೌದು, ಕಳಿಸಿದ. ಆದರೆ ಆ ದವಸದ ಜೊತೆ ಬೆಟ್ಟ ಹತ್ತಿದವರಲ್ಲಿ ಅವನ ಕೆಲಸದಾಳುಗಳಾಗಿದ್ದ ಇಬ್ಬರು ಮೂಲನಿವಾಸಿಗಳಿದ್ದರು, ಲೂಯಿಸ್ ಮತ್ತು ಸಾಲ್ವಡೋರ್. ಅನ್ನ ತಂದವರನ್ನೇ ಹಸಿವಿನಲ್ಲಿ ಗುಂಡಿಕ್ಕಿ ಕೊಂದರು, ಕೊಂದು ತಿಂದರು. ಕಳಿಸಿದವನ ಹೆಸರು ಊರಿಗೆಲ್ಲ ಗೊತ್ತು. ಹೋದ ಈ ಇಬ್ಬರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?

ಈಗ ಚಿನ್ನದ ಮಾತು. 1848ರ ಜನವರಿ 24ರಂದು ಕೊಲೋಮಾದಲ್ಲಿ, ಸಟ್ಟರ್‌ಗಾಗಿ ಕಟ್ಟುತ್ತಿದ್ದ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ, ಜೇಮ್ಸ್ ಮಾರ್ಷಲ್‌ಗೆ ಚಿನ್ನ ಕಂಡಿತು. ಅದರಿಂದ ಸಟ್ಟರ್ ಉದ್ಧಾರವಾಗಲಿಲ್ಲ, ಹಾಳಾದ. ಆಳುಗಳು ಗುದ್ದಲಿ ಹಿಡಿದು ಓಡಿದರು, ಬಂದವರು ಅವನ ನೆಲದಲ್ಲೇ ಬೇಲಿ ಹಾಕಿಕೊಂಡರು. ದುಡ್ಡು ಮಾಡಿದ್ದು ಅಂಗಡಿಯವರು. ಸ್ಯಾಮ್ ಬ್ರಾನನ್ ಮೊದಲು ತನ್ನ ಅಂಗಡಿಗೆ ಗುದ್ದಲಿ ಬಾಣಲೆ ತುಂಬಿಕೊಂಡ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಬೀದಿಯಲ್ಲಿ ಚಿನ್ನದ ಸೀಸೆ ಹಿಡಿದು “ಚಿನ್ನ, ಚಿನ್ನ” ಅಂತ ಕೂಗಿದ.

ಊರಿನ ಜಾಗವನ್ನು ಆರಿಸಿದವರೂ ಈ ವ್ಯಾಪಾರಿಗಳೇ. ಇಲ್ಲಿ ನೀವು ಸ್ವಲ್ಪ ನಿಂತು ನೋಡಬೇಕು ಮೇಷ್ಟ್ರೇ. ಸಟ್ಟರ್‌ಗೆ ಊರು ಬೇಕಿದ್ದದ್ದು ದಕ್ಷಿಣಕ್ಕೆ ಸ್ವಲ್ಪ ದೂರದ ಎತ್ತರದ ನೆಲದಲ್ಲಿ, ಸಟ್ಟರ್‌ವಿಲ್‌ನಲ್ಲಿ. ನೀವು ನೋಡಿ ಬಂದ ಊರು ಅವನು ಬಯಸಿದ ಊರೇ ಅಲ್ಲ! ವ್ಯಾಪಾರಿಗಳಿಗೆ ಬೇಕಿದ್ದದ್ದು ದೋಣಿ ನಿಲ್ಲುವ ದಂಡೆ. ಸಾಮಾನು ಇಳಿಸಿದ ಕಡೆಯೇ ಮಾರಬಹುದು, ಗಾಡಿ ಬಾಡಿಗೆ ಉಳಿಯುತ್ತದೆ. ಸಟ್ಟರ್‌ನ ಮಗ, ಆಗಷ್ಟೇ ಬಂದಿದ್ದ ಇಪ್ಪತ್ತು ದಾಟಿದ ಹುಡುಗ, ಅಪ್ಪನ ಸಾಲ ತೀರಿಸುವ ಒತ್ತಡದಲ್ಲಿ ಅವರ ಮಾತು ಕೇಳಿದ. 1848ರ ಡಿಸೆಂಬರಿನಲ್ಲಿ ಬೀದಿ ಅಳೆದರು, ಮುಂದಿನ ತಿಂಗಳೇ ಸೈಟು ಮಾರಿದರು. ತಗ್ಗು ನೆಲ, ಎರಡು ಹೊಳೆ ಸೇರುವ ಮೂಲೆ. 1850ರ ಜನವರಿಯಲ್ಲಿ ಊರು ಮುಳುಗಿತು.

ಆಮೇಲೆ ಬಂದ ಕಷ್ಟಗಳಿಗೆ ಲೆಕ್ಕವಿಲ್ಲ. ಹಾರ್ಡಿನ್ ಬಿಗೆಲೋ ಅನ್ನುವವನು ನದಿಗೆ ಏರಿ ಕಟ್ಟಬೇಕು ಅಂತ ಹಟ ಹಿಡಿದ, ಜನ ಅವನನ್ನೇ ಮೇಯರ್ ಮಾಡಿದರು. ಆಗಸ್ಟಿನಲ್ಲಿ ಜಮೀನಿನ ಗಲಾಟೆಯಲ್ಲಿ ಅವನಿಗೆ ಗುಂಡು ಬಿತ್ತು, ನವೆಂಬರಿನಲ್ಲಿ ಕಾಲರಾಕ್ಕೆ ತೀರಿಕೊಂಡ. 1852ರಲ್ಲಿ ಬೆಂಕಿ, ಊರಿನ ಬಹುಪಾಲು ಸುಟ್ಟುಹೋಯಿತು. 1854ರಲ್ಲಿ ಅದೇ ಊರು ರಾಜಧಾನಿಯಾಯಿತು.

1861ರ ಡಿಸೆಂಬರಿನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಅಮೆರಿಕನ್ ನದಿಯ ಏರಿ ಒಡೆದು ನೀರು ಊರೊಳಗೆ ನುಗ್ಗಿತು. ನುಗ್ಗಿದ ನೀರು ಹೊರಗೆ ಹೋಗಲಿಲ್ಲ, ಯಾಕೆಂದರೆ ಆ ಕಡೆ ಕಟ್ಟಿದ್ದ ಇನ್ನೊಂದು ಏರಿ ಅದನ್ನು ತಡೆದು ನಿಲ್ಲಿಸಿತು. ಕೊನೆಗೆ ಜೈಲಿನ ಕೈದಿಗಳನ್ನು ಕರೆತಂದು ಆ ಏರಿ ಒಡೆಸಿದರು. ಹರಿವಿನ ರಭಸಕ್ಕೆ ಮನೆಗಳೇ ಕಿತ್ತು ಹೋದವು. 1862ರ ಜನವರಿ 10ರಂದು ಗವರ್ನರ್ ಲೀಲಂಡ್ ಸ್ಟ್ಯಾನ್‌ಫರ್ಡ್ ಪ್ರಮಾಣವಚನಕ್ಕೆ ದೋಣಿಯಲ್ಲಿ ಹೋದ, ವಾಪಸು ಬಂದು ಮನೆಯ ಮಹಡಿಯ ಕಿಟಕಿಯಿಂದ ಒಳಗೆ ಇಳಿದ. ಉತ್ತರದ ಮೇರಿಸ್‌ವಿಲ್ ಸುತ್ತಲಿನ ಮೂಲನಿವಾಸಿಗಳು, ಹಿಂದೆಂದೂ ಕಾಣದಷ್ಟು ನೀರು ಬರುತ್ತದೆ ಅಂದು ಒಂದು ವಾರ ಮೊದಲೇ ಬೆಟ್ಟದ ಕಡೆ ಹೊರಟುಬಿಟ್ಟಿದ್ದರು ಅಂತ ಆಗಿನ ಪತ್ರಿಕೆಯೇ ಬರೆಯಿತು. ಆ ನೆಲದಲ್ಲಿ ತಲೆತಲಾಂತರದಿಂದ ಇದ್ದವರ ಮಾತು ಕೇಳುವ ವ್ಯವಧಾನ ಯಾರಿಗಿತ್ತು?

ನನ್ನನ್ನು ಕೇಳಿದರೆ ಆ ಊರು ನಿಜವಾಗಿ ಹುಟ್ಟಿದ್ದು ಇದಾದ ಮೇಲೆ. ಊರನ್ನು ಬಿಟ್ಟು ಹೋಗಲಿಲ್ಲ, ಎತ್ತಿದರು. ಬೀದಿಯ ಎರಡೂ ಬದಿಗೆ ಇಟ್ಟಿಗೆ ಗೋಡೆ ಕಟ್ಟಿ, ನಡುವೆ ಗಾಡಿಗಟ್ಟಲೆ ಮಣ್ಣು ಸುರಿದು, ರಸ್ತೆಯನ್ನೇ ಹತ್ತು ಅಡಿಯ ಹತ್ತಿರ ಏರಿಸಿದರು, ಕೆಲವು ಕಡೆ ಇನ್ನೂ ಜಾಸ್ತಿ. ಇಟ್ಟಿಗೆ ಕಟ್ಟಡಗಳ ಕೆಳಗೆ ಸಾಲಾಗಿ ಜಾಕ್ ಇಟ್ಟು, ಆಳುಗಳೆಲ್ಲ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಗೋಡೆ ಬಿರುಕು ಬಿಡದ ಹಾಗೆ ಮೇಲೆತ್ತಿದರು. ಅಷ್ಟು ಖರ್ಚು ಮಾಡಲಾಗದವರ ನೆಲಮಹಡಿ ನೆಲಮಾಳಿಗೆಯಾಯಿತು. ಒಂದು ಅಂಗಡಿಯ ಮುಂದಿನ ಕಟ್ಟೆ ಮೇಲೆ, ಪಕ್ಕದ್ದು ಇನ್ನೂ ಹಳ್ಳದಲ್ಲಿ. ಸೊಪ್ಪು ಕೊಳ್ಳಲು ಹೊರಟ ಹೆಂಗಸು ಒಂದೇ ಬೀದಿಯಲ್ಲಿ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಹೋಗಬೇಕಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಕೆಲಸ ಇದು. ಹಳೇ ಸ್ಯಾಕ್ರಮೆಂಟೊದಲ್ಲಿ ನೀವು ಐಸ್‌ಕ್ರೀಮ್ ತಿಂದಿದ್ದರೆ, ನಿಮ್ಮ ಕಾಲ ಕೆಳಗೆ, ಆ ಬೀದಿ ಗೋಡೆಗೂ ಕಟ್ಟಡಕ್ಕೂ ನಡುವೆ ಉಳಿದ ಸಂದಿಯ ಮೇಲೆ ಹಾಸಿದ ಟೊಳ್ಳು ಫುಟ್‌ಪಾತ್ ಇದ್ದಿರಬಹುದು.

ಚಿನ್ನ ಊರು ಬೆಳೆಸಿತು ಅಂದಿರಿ. ಅದೇ ಚಿನ್ನ ಊರನ್ನು ಮುಳುಗಿಸಲೂ ನೋಡಿತು. ಮೇಲಿನ ಬೆಟ್ಟಗಳಲ್ಲಿ ಕಂಪನಿಗಳು ದೊಡ್ಡ ಕೊಳವೆಯಿಂದ ನೀರು ಚಿಮ್ಮಿಸಿ ಗುಡ್ಡಗಳನ್ನೇ ಕರಗಿಸಿದವು. ಆ ಹೂಳೆಲ್ಲ ಹೊಳೆಗೆ ಇಳಿದು, ನದಿಯ ತಳ ಮೇಲೆ ಬಂದು, ಏರಿ ಎಷ್ಟು ಎತ್ತರಿಸಿದರೂ ಸಾಲದಾಯಿತು. ಕೆಳಗಿನ ರೈತರು ಕೋರ್ಟಿಗೆ ಹೋಗಿ ಹೋರಾಡಿದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಹೂಳನ್ನು ಹೊಳೆಗೆ ಬಿಡುವಂತಿಲ್ಲ ಅಂತ ತೀರ್ಪು ಕೊಟ್ಟರು. ಇದು ಅಲ್ಲಿನ ರೈತರ ಗೆಲುವು. ಆ ಊರಿನ ಕಥೆಯಲ್ಲಿ ಸಟ್ಟರ್‌ಗಿಂತ ಮೊದಲು ಇವರನ್ನು ನೆನೆಯಬೇಕು ಅನ್ನುವವನು ನಾನು.

ಚೀನೀಯರ ಮಾತಂತೂ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅವರ ಬಾಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೊದಲ ಊರು, ಸ್ಯಾಕ್ರಮೆಂಟೊ ಎರಡನೇ ಊರು. 1863ರ ಜನವರಿಯಲ್ಲಿ ಅಲ್ಲಿಂದ ಪೂರ್ವಕ್ಕೆ ಹೊರಟ ರೈಲು ದಾರಿಯ ಲಾಭ ನಾಲ್ವರು ಅಂಗಡಿ ಸಾಹುಕಾರರಿಗೆ ಹೋಯಿತು. ಅದೇ ದೋಣಿ ಗವರ್ನರ್ ಸ್ಟ್ಯಾನ್‌ಫರ್ಡ್ ಆ ನಾಲ್ವರಲ್ಲಿ ಒಬ್ಬ. ಬಂಡೆ ಒಡೆದವರು ಸಾವಿರಾರು ಚೀನೀ ಕೂಲಿಗಳು. ರೈಲು ಮುಗಿದ ಮೇಲೆ ನದಿಯ ಕೆಳಗಿನ ಜವುಗು ನೆಲದಲ್ಲಿ ಮಣ್ಣು ಹೊತ್ತು ಏರಿ ಕಟ್ಟಿ, ಅದನ್ನು ಗದ್ದೆ ಮಾಡಿಕೊಟ್ಟವರೂ ಅವರೇ.

ನನ್ನ ಸಂಕಟ ಬರೀ ನಿಮ್ಮ ಪತ್ರದ್ದಲ್ಲ, ತಪ್ಪು ತಿಳಿಯಬೇಡಿ. ನಮ್ಮ ಕಚೇರಿಗೆ ಬರುವ ಅಮೆರಿಕ ಪ್ರವಾಸ ಕಥನಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ಒಬ್ಬ ಸ್ಥಾಪಕ, ಒಂದು ಸೇತುವೆ, ಸ್ವಚ್ಛ ರಸ್ತೆ, ಕಾಫಿಯ ಬೆಲೆ. ರಸ್ತೆ ಯಾರು ಹಾಕಿದರು, ಹೊಳೆ ಎಲ್ಲಿಂದ ಬಂತು, ಮೊದಲು ಅಲ್ಲಿ ಯಾರಿದ್ದರು ಅಂತ ಕೇಳುವವರೇ ಇಲ್ಲ. ಬೋರ್ಡಿನಲ್ಲಿ ಇದ್ದದ್ದನ್ನು ಇಳಿಸಿಕೊಂಡು ಬಂದರೆ ಅದು ಇತಿಹಾಸ ಹೇಗಾಗುತ್ತದೆ? ಮಕ್ಕಳಿಗೂ ಹಾಗೇ ಹೇಳಿಕೊಡುತ್ತೇವೆ, ಊರಿಗೊಬ್ಬ ವೀರ, ಇಸವಿ ಒಂದು, ಮುಗೀತು. ಪ್ರತಿಮೆ ತೆಗೆದದ್ದಕ್ಕೆ ನಿಮಗೆ ಬೇಜಾರಾಯಿತು, ಸರಿ. ಮರಿಗೆಯಲ್ಲಿ ಉಂಡವರ ಮೊಮ್ಮಕ್ಕಳಿಗೆ ಅದನ್ನು ನೋಡಿಕೊಂಡು ಓಡಾಡುವಾಗ ಏನಾಗುತ್ತಿತ್ತು ಅಂತಲೂ ಒಂದು ಸಲ ಯೋಚಿಸಿ.

ಮಗಳ ಮನೆಗೆ ಮತ್ತೆ ಹೋಗುತ್ತೀರಲ್ಲ, ಆಗ ಮೊದಲು ಫಾಲ್ಸಮ್ ಅಣೆಕಟ್ಟೆ ನೋಡಿ. 1956ರಲ್ಲಿ ಮುಗಿದದ್ದು, ಕೆಳಗಿನ ಸ್ಯಾಕ್ರಮೆಂಟೊವನ್ನು ಇವತ್ತಿಗೂ ಅಮೆರಿಕನ್ ನದಿಯಿಂದ ಕಾಯುತ್ತಿರುವುದರಲ್ಲಿ ಅದೂ ಒಂದು. ಆಮೇಲೆ ನದಿಗುಂಟ ದಕ್ಷಿಣಕ್ಕೆ ಹೋದರೆ ಲಾಕ್ ಅನ್ನುವ ಪುಟ್ಟ ಊರು ಸಿಗುತ್ತದೆ, ಚೀನೀಯರು 1915ರಲ್ಲಿ ತಮಗಾಗಿ ಕಟ್ಟಿಕೊಂಡದ್ದು. ಬೀದಿಯ ಎರಡೂ ಕಡೆ ಮರದ ಮನೆಗಳು ಇನ್ನೂ ನಿಂತಿವೆ. ಮಗಳನ್ನೂ ಕರೆದುಕೊಂಡು ಹೋಗಿ, ನಿಧಾನವಾಗಿ ನಡೆದು ನೋಡಿ, ನೋಡಿದ್ದನ್ನು ನಿಮ್ಮ ಇದೇ ಚೆಂದದ ಅಕ್ಷರದಲ್ಲಿ ಬರೆದು ಕಳಿಸಿ. ಎರಡು ಪುಟ ನಿಮಗಾಗಿ ತೆಗೆದಿಡುತ್ತೇನೆ.