ರಾತ್ರಿ ಎರಡಕ್ಕೆ ಎಬ್ಬಿಸುವ ಕೈ

ಪ್ರಶ್ನೆ: ನನಗೀಗ 34 ವಾರ, ಚೊಚ್ಚಲು. ಮೂರು ವಾರಗಳಿಂದ ರಾತ್ರಿ ಎರಡು, ಎರಡೂವರೆಗೆ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಬೆರಳುಗಳೊಳಗೆ ಇರುವೆ ಹರಿದಂತೆ, ಮಣಿಕಟ್ಟಿನಲ್ಲಿ ಸೆಳೆತ. ಎದ್ದು ಕುಳಿತು ಕೊಡವಿದರೆ ಇಳಿಯುತ್ತದೆ, ಮಲಗಿದರೆ ಮತ್ತೆ ಶುರು. ಈಗೀಗ ಎಡಗೈಗೂ ಬಂದಿದೆ. ಮೊನ್ನೆ ಬೆಳಿಗ್ಗೆ ಲೋಟ ಕೈಯಿಂದ ಜಾರಿದ್ದೇ ತಿಳಿಯಲಿಲ್ಲ. ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಕೆಲಸ. ತಪಾಸಣೆಗೆ ಹೋದಾಗ ಹೇಳಿದರೆ ‘ಬಸುರಿಯಲ್ಲಿ ಇದೆಲ್ಲ ಇದ್ದದ್ದೇ’ ಎಂದು ಮುಂದಿನವರನ್ನು ಕರೆದರು. ಇದರಿಂದ ಮಗುವಿಗೆ ತೊಂದರೆಯೇ? ನಾಳೆ ಮಗುವನ್ನು ಎತ್ತಿಕೊಂಡಾಗಲೂ ಕೈ ಹೀಗೇ ಸಡಿಲವಾದರೆ?
— ಹೆಸರು ಬೇಡ

ಉತ್ತರ: ಇಂದು ರಾತ್ರಿ ಎಚ್ಚರವಾದಾಗ ಕೈ ಕೊಡವುವ ಮುನ್ನ ಒಂದು ಕೆಲಸ ಮಾಡಿ. ಇನ್ನೊಂದು ಕೈಯ ಉಗುರಿನಿಂದ ಕಿರುಬೆರಳನ್ನು ಮೆಲ್ಲಗೆ ಗೀರಿ ನೋಡಿ, ಆಮೇಲೆ ಉಂಗುರ ಬೆರಳಿನ ಎರಡೂ ಮಗ್ಗುಲನ್ನು. ಕಿರುಬೆರಳು ಚುರುಕಾಗಿದ್ದು, ಉಂಗುರ ಬೆರಳು ಮಾತ್ರ ನಡುವೆ ಗೆರೆ ಎಳೆದಂತೆ ಅರ್ಧ ಎಚ್ಚರ, ಅರ್ಧ ನಿದ್ದೆ ಎಂಬ ಸ್ಥಿತಿಯಲ್ಲಿದ್ದರೆ ರೋಗದ ಹೆಸರು ಬಹುತೇಕ ಸಿಕ್ಕಂತೆ. ಅದು ಕಾರ್ಪಲ್ ಟನಲ್ ಸಿಂಡ್ರೋಮ್. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಒಂದು ಮಗ್ಗುಲಿಗೆ ಸ್ಪರ್ಶ ಕೊಡುವುದು ಮೀಡಿಯನ್ ಎಂಬ ನರ. ಕಿರುಬೆರಳಿನದು ಬೇರೆ ನರ, ಅದರ ದಾರಿಯೂ ಬೇರೆ. ಕಿರುಬೆರಳೂ ಮರಗಟ್ಟುತ್ತಿದ್ದರೆ ಮೊಣಕೈ, ಕುತ್ತಿಗೆಗಳನ್ನೂ ಯಾರಾದರೂ ಪರೀಕ್ಷಿಸಬೇಕು.

ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ತೊಂದರೆ ನಿಮ್ಮ ಮಣಿಕಟ್ಟಿನಲ್ಲಿದೆ, ಅಲ್ಲಿಯೇ ಇರುತ್ತದೆ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಸೇರಿ ಒಂದು ತೊಟ್ಟಿಯಂತೆ ಕುಳಿತಿವೆ. ಅದರ ಮೇಲೆ ಗಟ್ಟಿ ಪಟ್ಟಿಯೊಂದು ಸೂರಿನಂತೆ ಬಿಗಿದಿದೆ. ಆ ಸುರಂಗದಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಈ ಒಂದು ನರವೂ ಮೈಗೆ ಮೈ ತಾಗಿಸಿಕೊಂಡು ಸಾಗುತ್ತವೆ. ಕೊನೆಯ ತಿಂಗಳುಗಳಲ್ಲಿ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ, ರಜ್ಜುಗಳ ಸುತ್ತಲಿನ ಪೊರೆ ಊದಿಕೊಳ್ಳುತ್ತದೆ. ಮೂಳೆ ಜಾಗ ಬಿಡುವುದಿಲ್ಲ, ಪಟ್ಟಿಯೂ ಬಿಡುವುದಿಲ್ಲ. ನಡುವೆ ನಲುಗುವುದು ಮೆತ್ತಗಿರುವ ನರ. ರಾತ್ರಿಯೇ ಏಕೆ? ಹಗಲೆಲ್ಲ ಕಾಲಿಗಿಳಿದಿದ್ದ ನೀರು ಮಲಗಿದಾಗ ಮೈಯೆಲ್ಲ ಹರಡುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಿಸುತ್ತೇವೆ. ಮಡಿಸಿದಾಗ ಸುರಂಗದೊಳಗಿನ ಒತ್ತಡ ಹಲವು ಪಟ್ಟು ಏರುತ್ತದೆ.

ಇದನ್ನು ನಾನು ಹನ್ನೊಂದು ವರ್ಷಗಳಿಂದ ಕೈಯ ಫಿಸಿಯೋಥೆರಪಿ ಮಾಡುತ್ತಿದ್ದ ಕಾಲಕ್ಕೆ ಬಾಯಿಪಾಠದಂತೆ ಬಲ್ಲವಳಾಗಿದ್ದೆ. ಆದರೂ ಎರಡನೆಯ ಬಸುರಿಯಲ್ಲಿ, 32ನೇ ವಾರದಲ್ಲಿ ನನ್ನದೇ ಕೈ ಜೋಮು ಹಿಡಿದಾಗ ‘ತೋಳಿನ ಮೇಲೆ ಮಲಗಿದ್ದೆನೇನೋ’ ಎಂದುಕೊಂಡು ಒಂಬತ್ತು ರಾತ್ರಿ ಕೊಡವುತ್ತಾ ಕಳೆದೆ. ನಾನು ಕೈ ಮಡಿಸಿ ಮಲಗುವವಳಲ್ಲ ಎಂದು ವಾದಿಸಿದ್ದೂ ಉಂಟು. ಹತ್ತನೆಯ ರಾತ್ರಿ ನನ್ನ ಗಂಡ ನಿದ್ದೆಯಲ್ಲಿದ್ದ ನನ್ನ ಫೋಟೋ ತೆಗೆದು ಬೆಳಿಗ್ಗೆ ಮೊಬೈಲ್ ಮುಂದೆ ಹಿಡಿದರು. ಗಲ್ಲದ ಕೆಳಗೆ ಎರಡೂ ಮುಷ್ಟಿ, ಮಣಿಕಟ್ಟು ಕೊಕ್ಕರೆಯ ಕುತ್ತಿಗೆಯ ಹಾಗೆ ಒಳಕ್ಕೆ ಬಾಗಿತ್ತು. ವಾದ ಅಲ್ಲಿಗೆ ಮುಗಿಯಿತು. ನಿಮ್ಮ ಮನೆಯವರಿಗೂ ಹೀಗೊಂದು ಫೋಟೋ ತೆಗೆಯಲು ಹೇಳಿ.

ನೀವು ಒಂದೇ ಒಂದು ಉಪಾಯ ಮಾಡುವುದಾದರೆ ಅದು ಇದು: ನಿದ್ದೆಯಲ್ಲಿ ಮಣಿಕಟ್ಟು ನೇರವಾಗಿರುವಂತೆ ಸ್ಪ್ಲಿಂಟ್ (ಮಣಿಕಟ್ಟನ್ನು ಅಲುಗದಂತೆ ಹಿಡಿದಿಡುವ ಆಸರೆ ಕವಚ) ಹಾಕಿಕೊಂಡು ಮಲಗುವುದು. ಸಿದ್ಧವಾಗಿ ಸಿಗುವ ಅನೇಕ ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಕೈಯನ್ನು ಮೇಲಕ್ಕೆ ಬಾಗಿಸುವಂತೆ ಇರುತ್ತದೆ. ಮುರಿದ ಮೂಳೆಗೆ, ಉಳುಕಿಗೆ ಅದು ಸರಿ, ನಮಗೆ ಬೇಡ. ಪಟ್ಟಿಯನ್ನು ಜೇಬಿನಿಂದ ಹೊರಗೆಳೆದು, ಮೇಜಿನ ಮೇಲಿಟ್ಟು ಒತ್ತಿ ಸಪಾಟು ಮಾಡಿ, ಮತ್ತೆ ತೂರಿಸಿ. ಹಾಕಿಕೊಂಡಾಗ ಮೊಣಕೈಯಿಂದ ನಡುಬೆರಳಿನ ತನಕ ಒಂದೇ ಗೆರೆ ಕಾಣಬೇಕು. ಬೆರಳುಗಳೆಲ್ಲ ಸಲೀಸಾಗಿ ಮಡಿಯಬೇಕು. ವೆಲ್ಕ್ರೋ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಲಿ. ಬಿಗಿ ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ಎಳೆದು ಕಟ್ಟಿದರೆ ನರಕ್ಕೆ ಎರಡನೆಯ ಸೂರು ಹಾಕಿದಂತಾಗುತ್ತದೆ. ಮೊದಲ ಮೂರು ರಾತ್ರಿ ನಾನು ನಿದ್ದೆಗಣ್ಣಿನಲ್ಲಿ ಕಿತ್ತೆಸೆದಿದ್ದೆ, ಬೆಳಿಗ್ಗೆ ಹಾಸಿಗೆಯ ಕಾಲ್ದೆಸೆಯಲ್ಲಿ ಸಿಗುತ್ತಿತ್ತು. ನಾಲ್ಕನೆಯ ದಿನ ಉಳಿಯಿತು. ಒಂದೆರಡು ವಾರ ಬಿಡದೆ ಹಾಕಿಕೊಂಡ ಮೇಲೆ ಗುಣವೆಷ್ಟು ಎಂದು ಲೆಕ್ಕ ಹಾಕಿ, ಒಂದೇ ರಾತ್ರಿಗೆ ತೀರ್ಪು ಕೊಡಬೇಡಿ. ಸ್ಪ್ಲಿಂಟ್ ಸಿಗುವ ತನಕ ತೆಳು ಟವೆಲ್ಲನ್ನು ಮಣಿಕಟ್ಟಿನ ಸುತ್ತ ಅಂಗಿಯ ದಪ್ಪ ತೋಳಿನಂತೆ ಸುತ್ತಿಕೊಂಡರೂ ಕೈ ಪೂರ್ತಿ ಮಡಿಯುವುದಿಲ್ಲ.

ಮಗ್ಗುಲಾಗಿ ಮಲಗುವಾಗ ಮೇಲಿನ ಕೈ ಹಾಸಿಗೆಯ ಅಂಚಿನಿಂದ ಜೋಲಾಡದಂತೆ ಎದೆಯ ಮುಂದೆ ದಿಂಬಿಟ್ಟು, ಅದರ ಮೇಲೆ ಮೊಣಕೈಯಿಂದ ಬೆರಳಿನವರೆಗೆ ಚಾಚಿಡಿ. ಕಚೇರಿಯಲ್ಲಿ ಮೇಜಿನ ಚೂಪಾದ ಅಂಚಿಗೆ ಮಣಿಕಟ್ಟು ಊರುವ ಅಭ್ಯಾಸವಿದ್ದರೆ ಬಿಡಿ. ಕುರ್ಚಿಯನ್ನು ಎತ್ತರಿಸಿ, ಮುಂಗೈ ಕೀಲಿಮಣೆಯ ಮಟ್ಟಕ್ಕೆ ಬರಲಿ. ಅರ್ಧ ಗಂಟೆಗೊಮ್ಮೆ ಬೆರಳುಗಳನ್ನು ನೀಟಾಗಿ ಚಾಚಿ, ಕೊಕ್ಕೆಯಂತೆ ಮಡಿಸಿ, ಮೆಲ್ಲಗೆ ಮುಷ್ಟಿ ಮಾಡಿ, ಮತ್ತೆ ಬಿಚ್ಚಿ. ಐದು ಸಲ ಸಾಕು, ನೋವಾದರೆ ಅದೂ ಬೇಡ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕ್ ಹತ್ತು ನಿಮಿಷ ಇಟ್ಟರೆ ಸಂಜೆಯ ಸೆಳೆತ ತಗ್ಗುತ್ತದೆ. ಮರಗಟ್ಟಿದ ಚರ್ಮಕ್ಕೆ ಚಳಿ ತಿಳಿಯುವುದಿಲ್ಲ, ಗಡಿಯಾರ ನೋಡಿಯೇ ತೆಗೆಯಿರಿ.

ಮಣಿಕಟ್ಟನ್ನು ತಿರುಚಿ ಲಟಿಗೆ ತೆಗೆಸಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ನೋವಿನ ಮಾತ್ರೆಗಳನ್ನು ಈ ಹಂತದಲ್ಲಿ ಸ್ವಂತಕ್ಕೆ ನುಂಗಲೇಬೇಡಿ, ಮಗುವಿನ ಮೂತ್ರಪಿಂಡ ಮತ್ತು ಹೃದಯದ ರಕ್ತನಾಳಕ್ಕೆ ಅವು ತೊಂದರೆ ಮಾಡಬಲ್ಲವು. ಪ್ಯಾರಾಸಿಟಮಾಲ್ ಎಷ್ಟು, ಯಾವಾಗ ಎಂದು ವೈದ್ಯರನ್ನು ಕೇಳಿ. ‘ನರಕ್ಕೆ ಒಳ್ಳೆಯದು’ ಎಂದು ಬಿ6 ವಿಟಮಿನ್ ಗುಳಿಗೆಗಳನ್ನು ಲೆಕ್ಕವಿಲ್ಲದೆ ತಿನ್ನುವವರಿದ್ದಾರೆ. ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ.

ಲೋಟ ಜಾರಿತು ಎಂದಿದ್ದೀರಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮುಂದಿನ ತಪಾಸಣೆಯಲ್ಲಿ ‘ಕೈ ನೋವು’ ಎನ್ನಬೇಡಿ, ಆ ಎರಡು ಪದಕ್ಕೆ ‘ಇದ್ದದ್ದೇ’ ಎಂಬ ಉತ್ತರವೇ ಬರುವುದು. ಯಾವ ಬೆರಳು, ವಾರಕ್ಕೆ ಎಷ್ಟು ರಾತ್ರಿ, ಎಷ್ಟು ಸಲ ವಸ್ತು ಕೈಬಿಟ್ಟಿತು ಎಂದು ಚೀಟಿಯಲ್ಲಿ ಬರೆದು ಕೊಡಿ. ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದೂ ಕೇಳಿ, ಎರಡೂ ಈ ತೊಂದರೆಗೆ ಕುಮ್ಮಕ್ಕು ಕೊಡುತ್ತವೆ. ಜೋಮು ಹಗಲೂ ಇಳಿಯದಿದ್ದರೆ, ಗುಂಡಿ ಹಾಕಲಾಗದಿದ್ದರೆ, ಹೆಬ್ಬೆರಳ ಬುಡದ ಮಾಂಸದ ಗುಡ್ಡ ಬತ್ತುತ್ತಿದ್ದರೆ ಕೈಯ ತಜ್ಞರನ್ನು ಕಾಣಬೇಕು. ಮಣಿಕಟ್ಟಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಬಸುರಿಯಲ್ಲೂ ಕೊಡುವುದುಂಟು. ಶಸ್ತ್ರಚಿಕಿತ್ಸೆಯ ತನಕ ಹೋಗುವವರು ತೀರ ಕಡಿಮೆ.

ಒಂದು ವಿಷಯ ಮಾತ್ರ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕಾದ್ದು: ಕೈಯ ಜೊತೆಗೆ ಮುಖವೂ ದಿಢೀರನೆ ಊದಿಕೊಂಡು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ, ಇಲ್ಲವೇ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ. ಅದು ಬಸುರಿ ನಂಜಿನ ಲಕ್ಷಣವಿರಬಹುದು, ಅದಕ್ಕೆ ಸ್ಪ್ಲಿಂಟ್ ಉತ್ತರವಲ್ಲ.

ಹೆರಿಗೆಯ ನಂತರ ನೀರು ಇಳಿದಂತೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕೈ ಹಗುರವಾಗುತ್ತದೆ. ಕೆಲವರಿಗೆ ಹಾಲೂಡಿಸುವಷ್ಟು ಕಾಲ ಎಳೆಯುತ್ತದೆ. ನನಗೆ ಮೂರನೆಯ ವಾರಕ್ಕೆ ರಾತ್ರಿ ಎಚ್ಚರವಾಗುವುದು ನಿಂತಿತು (ಎಚ್ಚರಿಸಲು ಆಗ ಬೇರೊಬ್ಬರಿದ್ದರು), ನಡುಬೆರಳ ತುದಿ ಮಾತ್ರ ನಾಲ್ಕು ತಿಂಗಳು ಮಂಕಾಗಿಯೇ ಇತ್ತು. ಮಗುವನ್ನು ಬೆರಳಿನ ಹಿಡಿತದಲ್ಲಿ ಎತ್ತಬೇಡಿ. ಮುಂಗೈಗಳೆರಡನ್ನೂ ಕೆಳಗೆ ತೂರಿಸಿ ಎದೆಗಾನಿಸಿಕೊಂಡು ಎತ್ತಿ. ಆಗ ಬೆರಳು ಮಂಕಾಗಿದ್ದರೂ ಮಗು ನಿಮ್ಮ ತೋಳಿನ ಮೇಲೆಯೇ ಇರುತ್ತದೆ.

ಪ್ರಶ್ನೆ: ಹೆರಿಗೆಯಾಗಿ ಆರು ವಾರ. ಬಸುರಿಯಲ್ಲಿದ್ದ ಜೋಮು ಹೋಯಿತು, ಈಗ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಕತ್ತರಿಸಿದಂತಹ ನೋವು. ಮಗುವನ್ನು ಎತ್ತುವಾಗಲೇ ಹೆಚ್ಚು. ಹಳೆಯದೇ ಮರುಕಳಿಸಿತೇ?
— ಒಬ್ಬ ಬಾಣಂತಿ

ಉತ್ತರ: ಇಲ್ಲ, ಇದು ಅದರ ನೆರೆಮನೆಯದು. ಜೋಮು ಇಲ್ಲದೆ ನೋವು ಮಾತ್ರ, ಅದೂ ಹೆಬ್ಬೆರಳ ಕಡೆಗೆ ಎಂದರೆ ಹೆಬ್ಬೆರಳನ್ನು ಎತ್ತುವ ಎರಡು ರಜ್ಜುಗಳ ಕವಚ ಊದಿರುತ್ತದೆ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವೆರ್ವೈನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ನಿಂತಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಕೈಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿ. ಚುರುಕ್ಕೆಂದರೆ ಅದೇ ಇರಬೇಕು. ಎರಡನೆಯ ಸಲ ಪರೀಕ್ಷಿಸಿ ನೋಡಬೇಡಿ.

ನೀವು ಮಗುವನ್ನು ಕಂಕುಳಿಗೆ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಎತ್ತುತ್ತಿದ್ದೀರಿ ಎಂದು ಪಂಥ ಕಟ್ಟಬಲ್ಲೆ. ದಿನಕ್ಕೆ ಎಷ್ಟು ಸಲವೆಂದು ಲೆಕ್ಕವಿಟ್ಟವರಿಲ್ಲ. ಇನ್ನು ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೆ ಅಂಟಿಕೊಂಡಿರಲಿ, ಅಂಗೈ ಮೇಲ್ಮುಖವಾಗಿ ಒಂದು ಕೈ ಕುತ್ತಿಗೆಯಡಿ, ಒಂದು ಸೊಂಟದಡಿ. ಹಾಲೂಡಿಸುವಾಗ ತಲೆಯ ಭಾರವನ್ನು ದಿಂಬು ಹೊರಲಿ, ನಿಮ್ಮ ಮಡಿಸಿದ ಮಣಿಕಟ್ಟಲ್ಲ. ಇದರ ಸ್ಪ್ಲಿಂಟ್ ಬೇರೆ, ಹೆಬ್ಬೆರಳನ್ನೂ ಹಿಡಿದಿಡುವಂಥದ್ದು. ಬಸುರಿಯಲ್ಲಿ ಹಾಕಿಕೊಂಡದ್ದನ್ನೇ ಹುಡುಕಿ ತೆಗೆಯಬೇಡಿ. ಮೂರು ನಾಲ್ಕು ವಾರಕ್ಕೂ ಬಗ್ಗದಿದ್ದರೆ ಚುಚ್ಚುಮದ್ದಿನ ಮಾತನ್ನು ವೈದ್ಯರ ಬಳಿ ಎತ್ತಿ, ಇದರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಲೂಡಿಸುತ್ತಿದ್ದೀರಿ ಎಂಬುದನ್ನು ಆಗ ತಿಳಿಸಿ.

ಪ್ರಶ್ನೆ: ಹೆಂಡತಿಗೆ ಎಂಟೂವರೆ ತಿಂಗಳು. ಬೆರಳು ಊದಿ ಉಂಗುರ ಬರುತ್ತಿಲ್ಲ. ಊತ ಇಳಿಯಲೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾಳೆ, ಸರಿಯೇ?
— ಒಬ್ಬ ಗಂಡ

ಉತ್ತರ: ತಪ್ಪು. ನೀರು ಬಿಟ್ಟರೆ ಊತ ಇಳಿಯುವುದಿಲ್ಲ, ತಲೆಸುತ್ತು, ಮಲಬದ್ಧತೆ ಸಿಗುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಯ ಯೋಚನೆಯೂ ಬೇಡ. ಮೊದಲು ಆಕೆಯ ರಕ್ತದೊತ್ತಡ ನೋಡಿಸಿ.

ಉಂಗುರಕ್ಕೆ ಇಂದೇ ಕೈ ಹಾಕಿ. ಆಕೆ ಬೆಳಗಿನ ಊತ ಇಳಿಯುವವರೆಗೆ ಕಾದು, ಹತ್ತು ನಿಮಿಷ ಕೈಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ತಣ್ಣೀರಿನಲ್ಲಿ ಅದ್ದಲಿ. ಸೋಪಿಗೂ ಜಾರದಿದ್ದರೆ ನುಣುಪಾದ ದಾರದ ತುದಿಯನ್ನು ಉಂಗುರದ ಅಡಿಯಿಂದ ತೂರಿಸಿ, ಉಳಿದ ದಾರವನ್ನು ಉಂಗುರಕ್ಕೆ ತಾಗಿ ಬೆರಳಿನ ಗಂಟು ದಾಟುವ ತನಕ ಒತ್ತೊತ್ತಾಗಿ ಸುತ್ತಿ. ಈಗ ಬುಡದ ತುದಿ ಹಿಡಿದು ಸುತ್ತುಗಳನ್ನು ಬಿಚ್ಚುತ್ತಾ ಬಂದರೆ ಒಂದೊಂದು ಸುತ್ತಿಗೂ ಉಂಗುರ ಮುಂದೆ ಸರಿಯುತ್ತದೆ. ಬೆರಳು ನೀಲಿಗಟ್ಟಿದ್ದರೆ ಈ ಪ್ರಯೋಗ ಬಿಟ್ಟು ಆಸ್ಪತ್ರೆಗೆ ಹೋಗಿ, ಉಂಗುರವನ್ನು ಅಲ್ಲಿ ಕತ್ತರಿಸಿ ತೆಗೆಯುತ್ತಾರೆ.